ಬೆಟ್ಟಾ ಮೀನು ಮನೆಗೆ ಬರುವ ಮುನ್ನ ಮತ್ತು ಬಂದ ಮೇಲೆ

ನಮ್ಮ ಊರುಗಳ ಅಕ್ವೇರಿಯಂ ಅಂಗಡಿಗಳಲ್ಲಿ ‘ಫೈಟರ್’ ಎಂದೇ ಕರೆಯುವ ಬೆಟ್ಟಾ ಮೀನನ್ನು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಸಾಲಾಗಿ ಜೋಡಿಸಿಟ್ಟು ಮಾರುತ್ತಾರೆ. ಏರ್ ಪಂಪ್ ಇಲ್ಲದೆ, ಗಿಡವಿಲ್ಲದೆ, ಒಂದು ಲೋಟದಷ್ಟು ನೀರಿನಲ್ಲಿ ಅದು ದಿನಗಟ್ಟಲೆ ಬದುಕಿರುವುದನ್ನು ಕಂಡವರು ಇದಕ್ಕೆ ಹೆಚ್ಚಿನ ಆರೈಕೆಯೇನೂ ಬೇಡವೆಂದು ತೀರ್ಮಾನಿಸಿ, ಒಂದು ಗಾಜಿನ ಬುರುಡೆಯನ್ನೂ ಬಣ್ಣದ ಕಲ್ಲುಗಳನ್ನೂ ಕೊಂಡು ಅದೇ ಸಂಜೆ ಮೀನನ್ನು ಮನೆಗೆ ತರುತ್ತಾರೆ. ಅಂಥ ಮೀನುಗಳಲ್ಲಿ ಬಹಳಷ್ಟು ಮೊದಲ ತಿಂಗಳಲ್ಲೇ ಸೊರಗುತ್ತವೆ. ಸರಿಯಾಗಿ ಸಾಕಿದರೆ ಎರಡರಿಂದ ನಾಲ್ಕು ವರ್ಷ ಬಾಳುವ ಮೀನಿದು.

ಡಬ್ಬಿಯಲ್ಲಿ ಅದು ಉಸಿರಾಡಿಕೊಂಡಿರುವುದಕ್ಕೆ ಕಾರಣ ಬೇರೆಯೇ ಇದೆ. ಬೆಟ್ಟಾದ ತಲೆಯೊಳಗೆ, ಕಿವಿರುಗಳ ಮೇಲ್ಭಾಗದಲ್ಲಿ, ಮಡಿಕೆಮಡಿಕೆಯಾದ ಲ್ಯಾಬಿರಿಂತ್ ಎಂಬ ಅಂಗವಿದ್ದು, ಮೀನು ಆಗಾಗ ನೀರಿನ ಮೇಲ್ಮೈಗೆ ಬಂದು ಗುಟುಕು ಗಾಳಿಯನ್ನು ನುಂಗಿ ಅದರಿಂದ ನೇರವಾಗಿ ಆಮ್ಲಜನಕವನ್ನು ಪಡೆಯುತ್ತದೆ. ಹೀಗಾಗಿ ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೂ ಅದು ತಡೆದುಕೊಳ್ಳುತ್ತದೆ. ಆದರೆ ತನ್ನದೇ ಮಲಮೂತ್ರದಿಂದ ಹುಟ್ಟುವ ಅಮೋನಿಯಾವನ್ನು ತಡೆದುಕೊಳ್ಳುವ ಯಾವ ವಿಶೇಷ ಅಂಗವೂ ಅದಕ್ಕಿಲ್ಲ. ಇದರ ಮೂಲ ನೆಲೆ ಥಾಯ್ಲೆಂಡಿನ ಭತ್ತದ ಗದ್ದೆಗಳು, ಜೌಗು ಪ್ರದೇಶಗಳು ಮತ್ತು ನಿಧಾನವಾಗಿ ಹರಿಯುವ ಕಾಲುವೆಗಳು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಗದ್ದೆಯ ನೀರು ಆಳವಿರುವುದಿಲ್ಲ, ನಿಜ. ಆದರೆ ಅದು ಎಕರೆಗಟ್ಟಲೆ ಹರಡಿರುತ್ತದೆ, ಬೆಚ್ಚಗಿರುತ್ತದೆ ಮತ್ತು ಗಿಡಗಳಿಂದ ತುಂಬಿರುತ್ತದೆ. ಹೊಸ ಮೀನನ್ನು ತೊಟ್ಟಿಗೆ ಒಗ್ಗಿಸುವ ಕೆಲಸದ ಮುಕ್ಕಾಲು ಪಾಲು, ಮೀನು ಮನೆಗೆ ಬರುವ ಮೊದಲೇ ಅಂಥ ನೀರನ್ನು ಸಿದ್ಧಪಡಿಸುವುದರಲ್ಲಿದೆ. ಬಂದ ಮೇಲೆ ನಾವು ಮಾಡಬೇಕಾದದ್ದು ಕಡಿಮೆ, ಮಾಡದೆ ಬಿಡಬೇಕಾದದ್ದೇ ಹೆಚ್ಚು.

ನೀರು ಮೊದಲು, ಮೀನು ಆಮೇಲೆ

ತೊಟ್ಟಿಯನ್ನು ಈ ತಿಂಗಳು ಕೊಂಡು ಮೀನನ್ನು ಮುಂದಿನ ತಿಂಗಳು ತರುವುದು ಒಳ್ಳೆಯದು. ಮೀನಿನ ಹೊಲಸು ಮತ್ತು ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲ ಎರಡು ಅಲ್ಪ ಪ್ರಮಾಣದಲ್ಲಿಯೂ ವಿಷ. ಮೂರನೆಯದು ಹೆಚ್ಚು ಕೂಡಿಕೊಳ್ಳದಂತೆ ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಸಾಕು. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಜಲ್ಲಿಯ ಮೇಲೆ ಮತ್ತು ಗಿಡದ ಎಲೆಗಳ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಮಾಡುವ ಕ್ರಮ ಸರಳವಾಗಿದೆ. ತೊಟ್ಟಿಗೆ ಕ್ಲೋರಿನ್ ಕಳೆದ ನೀರನ್ನು ತುಂಬಿ, ಫಿಲ್ಟರನ್ನು ಹಗಲುರಾತ್ರಿ ಓಡಲು ಬಿಟ್ಟು, ಮೀನಿಲ್ಲದ ಆ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತಿರಬೇಕು. ಅಂಗಡಿಯಲ್ಲಿ ಸಿಗುವ ಹನಿಪರೀಕ್ಷೆಯ ಕಿಟ್‌ನಿಂದ ವಾರಕ್ಕೆರಡು ಸಲ ನೀರನ್ನು ಪರೀಕ್ಷಿಸಿದರೆ ಮೊದಲು ಅಮೋನಿಯಾ ಏರುವುದೂ, ಅದು ಇಳಿಯತೊಡಗಿದಾಗ ನೈಟ್ರೈಟ್ ಏರುವುದೂ, ಕೊನೆಗೆ ಎರಡೂ ಸೊನ್ನೆಗಿಳಿದು ನೈಟ್ರೇಟ್ ಮಾತ್ರ ಉಳಿಯುವುದೂ ಕಾಣುತ್ತದೆ. ದಿನವೂ ಆಹಾರ ಹಾಕುತ್ತಿದ್ದರೂ ಅಮೋನಿಯಾ ಮತ್ತು ನೈಟ್ರೈಟ್ ಒಂದು ವಾರ ಸೊನ್ನೆಯಲ್ಲೇ ನಿಂತರೆ ತೊಟ್ಟಿ ಸಿದ್ಧವಾಯಿತೆಂದು ತಿಳಿಯಬಹುದು. ಆಗ ಅರ್ಧದಷ್ಟು ನೀರನ್ನು ಬದಲಿಸಿ, ನೈಟ್ರೇಟನ್ನು 20 ಪಿಪಿಎಂನ (ಹತ್ತು ಲಕ್ಷ ಭಾಗ ನೀರಿನಲ್ಲಿ ಇಪ್ಪತ್ತು ಭಾಗ) ಒಳಗೆ ತಂದು, ಮೀನನ್ನು ತರಲು ಹೊರಡಬಹುದು. ಆರೋಗ್ಯಕರವಾದ ಹಳೆಯ ತೊಟ್ಟಿಯಿರುವ ಸ್ನೇಹಿತರಿದ್ದರೆ ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ನಮ್ಮ ಫಿಲ್ಟರಿನೊಳಗೆ ಇಟ್ಟರೆ ಈ ಕಾಲಾವಧಿ ಬಹಳ ತಗ್ಗುತ್ತದೆ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ದ್ರವ ಕೆಲವೊಮ್ಮೆ ನೆರವಾಗುತ್ತದೆ; ಆದರೆ ಅದನ್ನು ಸುರಿದ ದಿನವೇ ಮೀನು ಬಿಡಬಹುದೆಂಬ ಮಾತನ್ನು ಕಿಟ್‌ನಿಂದ ಪರೀಕ್ಷಿಸದೆ ನಂಬಬಾರದು.

ಈಗಾಗಲೇ ಮೀನನ್ನು ತಂದುಬಿಟ್ಟವರು ಗಾಬರಿಯಾಗಬೇಕಾಗಿಲ್ಲ. ಅವರು ಆಹಾರವನ್ನು ಬಹಳ ಕಡಿಮೆ ಮಾಡಿ, ದಿನವೂ ನೀರನ್ನು ಪರೀಕ್ಷಿಸಿ, ಅಮೋನಿಯಾ ಅಥವಾ ನೈಟ್ರೈಟ್ 0.25 ಪಿಪಿಎಂ ಮುಟ್ಟಿದಾಗಲೆಲ್ಲ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ನೀರನ್ನು ಬದಲಿಸುತ್ತ ಆ ಐದಾರು ವಾರಗಳನ್ನು ದಾಟಿಸಬೇಕು.

ಮನೆಯ ನಲ್ಲಿಯಲ್ಲಿ ಬರುವ ನೀರು

ಬೆಂಗಳೂರಿನಂಥ ಊರಿನಲ್ಲಿ ನೀರಿನ ವಿಚಾರವನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಇಲ್ಲಿ ಒಂದೇ ಮನೆಯ ನಲ್ಲಿಯಲ್ಲಿ ಒಂದು ದಿನ ಕಾವೇರಿ ನೀರು, ಮರುದಿನ ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬರುವುದುಂಟು. ಕಾವೇರಿ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ; ಅದು ಮೀನಿನ ಕಿವಿರನ್ನು ಸುಡುವುದಲ್ಲದೆ ನಾವು ಕಷ್ಟಪಟ್ಟು ಬೆಳೆಸಿದ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಅಂಗಡಿಯವರು ‘ಆಂಟಿ ಕ್ಲೋರಿನ್’ ಎನ್ನುವ ಹನಿಗಳನ್ನು ಶೀಶೆಯ ಮೇಲೆ ಬರೆದ ಪ್ರಮಾಣದಲ್ಲಿ ಹಾಕಿದರೆ ಕ್ಲೋರಿನ್ ಕೂಡಲೇ ಅಳಿಯುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ನೀರನ್ನು ತೆರೆದಿಟ್ಟರೂ ಒಂದು ದಿನದಲ್ಲಿ ಕ್ಲೋರಿನ್ ಬಹುಪಾಲು ಹೋಗುತ್ತದೆ. ಆದರೆ ಹನಿಗಳ ಬೆಲೆ ಎಷ್ಟು ಕಡಿಮೆಯೆಂದರೆ ಈ ವಿಷಯದಲ್ಲಿ ಜುಗ್ಗತನ ಮಾಡಲು ಕಾರಣವೇ ಇಲ್ಲ.

ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಗಡಸುತನ ಹೆಚ್ಚಿರುತ್ತದೆ. ಬೆಟ್ಟಾಗೆ 6.5ರಿಂದ 7.5ರವರೆಗಿನ ಪಿಎಚ್ (ನೀರಿನ ಆಮ್ಲೀಯತೆ ಇಲ್ಲವೇ ಕ್ಷಾರೀಯತೆಯ ಅಳತೆ) ಹಿತವಾದರೂ, ಇಂದು ಮಾರಾಟಕ್ಕೆ ಬರುವ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನುಗಳು 8ರ ಹತ್ತಿರದ ಪಿಎಚ್‌ಗೂ ನಿಧಾನವಾಗಿ ಹೊಂದಿಕೊಳ್ಳುತ್ತವೆ. ಅವಕ್ಕೆ ಸಹಿಸಲಾಗದ್ದು ಏರಿಳಿತ. ಆದ್ದರಿಂದ ಪಿಎಚ್ ಇಳಿಸುವ ರಾಸಾಯನಿಕಗಳ ಗೋಜಿಗೆ ಹೋಗದೆ, ಸದಾ ಒಂದೇ ಮೂಲದ ನೀರನ್ನು ಬಳಸುವುದು ಮೇಲು. ಆದರೆ ಒಂದು ಎಚ್ಚರಿಕೆ ಇದೆ: ಪಿಎಚ್ 7ರಲ್ಲಿರುವ ನೀರಿಗಿಂತ 8ರಲ್ಲಿರುವ ನೀರಿನಲ್ಲಿ ಅದೇ ಪ್ರಮಾಣದ ಅಮೋನಿಯಾದ ವಿಷಕಾರಿ ಅಂಶ ಸುಮಾರು ಹತ್ತು ಪಟ್ಟು ಹೆಚ್ಚಿರುತ್ತದೆ. ಬೋರ್‌ವೆಲ್ ನೀರನ್ನು ಬಳಸುವವರಿಗೆ ತೊಟ್ಟಿ ಮೊದಲೇ ಸಿದ್ಧವಾಗಿರುವುದು ಹೀಗಾಗಿ ಇನ್ನಷ್ಟು ಮುಖ್ಯವಾಗುತ್ತದೆ. ಅಡುಗೆಮನೆಯ ಆರ್‌ಒ ಯಂತ್ರದ ನೀರು ಶುದ್ಧವೆಂದು ಅದನ್ನೇ ತುಂಬುವವರೂ ಇದ್ದಾರೆ. ಅದರಲ್ಲಿ ಖನಿಜಗಳು ಬಹುತೇಕ ಉಳಿದಿರುವುದಿಲ್ಲವಾದ್ದರಿಂದ ಪಿಎಚ್ ಒಮ್ಮೆಲೇ ಕುಸಿಯುವ ಅಪಾಯವಿದೆ. ಗಡಸು ನೀರಿನೊಂದಿಗೆ ಅರ್ಧಂಬರ್ಧ ಬೆರೆಸಿಕೊಂಡರೆ ತೊಂದರೆಯಿಲ್ಲ. ಆರ್‌ಒ ಇರುವ ಮನೆಗಳಲ್ಲಿ ಹೇಗೂ ಸಿಗುವ, ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣವನ್ನು ತೋರಿಸುವ ಚಿಕ್ಕ ಟಿಡಿಎಸ್ ಮೀಟರ್ ಇಲ್ಲಿ ಒಳ್ಳೆಯ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ನಲ್ಲಿಯ ನೀರಿನ ಮೂಲ ಬದಲಾದದ್ದು ಅದರ ಅಂಕಿಯಲ್ಲಿ ಕೂಡಲೇ ತಿಳಿಯುತ್ತದೆ.

ತೊಟ್ಟಿ ಮತ್ತು ಅದನ್ನಿಡುವ ಜಾಗ

ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಅಡಿಯಿರುವ ತೊಟ್ಟಿಯನ್ನು ಮೇಲೆ ಎರಡು ಅಂಗುಲ ಬಿಟ್ಟು ತುಂಬಿದರೆ ಸುಮಾರು 23 ಲೀಟರ್ ನೀರು ಹಿಡಿಯುತ್ತದೆ, ಮತ್ತು ಒಂದು ಬೆಟ್ಟಾಗೆ ಅಷ್ಟು ಸಾಕು. ಅದಕ್ಕಿಂತ ಚಿಕ್ಕದರಲ್ಲಿಯೂ ಸಾಕಬಹುದಾದರೂ ನೀರು ಕಡಿಮೆಯಾದಷ್ಟೂ ಅದು ಬೇಗ ಕೆಡುತ್ತದೆ, ಬೇಗ ಬಿಸಿಯಾಗುತ್ತದೆ, ಬೇಗ ತಣಿಯುತ್ತದೆ; ಹೊಸಬರಿಗೆ ದೊಡ್ಡ ತೊಟ್ಟಿಯನ್ನು ನೋಡಿಕೊಳ್ಳುವುದೇ ಸುಲಭ. ಮೇಲೆ ಬಿಟ್ಟ ಆ ಎರಡು ಅಂಗುಲಕ್ಕೂ ಅರ್ಥವಿದೆ. ಮೀನು ಗಾಳಿ ನುಂಗುವುದು ಅಲ್ಲಿಂದಲೇ, ಆದ್ದರಿಂದ ಆ ಗಾಳಿ ಬೆಚ್ಚಗೂ ತೇವವಾಗಿಯೂ ಇರಲು ಮುಚ್ಚಳ ಬೇಕು. ಬೆಟ್ಟಾ ಚೆನ್ನಾಗಿ ನೆಗೆಯುವ ಮೀನೂ ಹೌದು. ಹೊಸ ಜಾಗದ ಮೊದಲ ರಾತ್ರಿಗಳಲ್ಲಿ ಮುಚ್ಚಳವಿಲ್ಲದ ತೊಟ್ಟಿಯಿಂದ ಹಾರಿ ನೆಲಕ್ಕೆ ಬೀಳುವ ಸಂಭವ ಹೆಚ್ಚು. ಗಾಳಿಯಾಡಲು ಸಣ್ಣ ಸಂದು ಉಳಿಸಿ ಉಳಿದದ್ದನ್ನು ಮುಚ್ಚಬೇಕು.

ಫಿಲ್ಟರ್ ಎಂದರೆ ಏರ್ ಪಂಪ್‌ಗೆ ಜೋಡಿಸುವ ಸ್ಪಂಜ್ ಫಿಲ್ಟರ್ ಸಾಕು. ಉದ್ದನೆಯ ಜಾಲರಿ ರೆಕ್ಕೆಗಳಿರುವ ಗಂಡು ಮೀನಿಗೆ ಸೆಳೆತವಿರುವ ನೀರಿನಲ್ಲಿ ಈಜುವುದೆಂದರೆ ಇಡೀ ದಿನ ದುಡಿದಂತೆ. ಅದು ಮೂಲೆಗೆ ಸೇರಿ ಗಿಡಕ್ಕೆ ಅಂಟಿಕೊಂಡು ನಿಲ್ಲುತ್ತಿದ್ದರೆ ಹರಿವು ಹೆಚ್ಚಾಗಿದೆಯೆಂದೇ ಅರ್ಥ. ನೀರಿನ ಉಷ್ಣತೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಂಗಳೂರು, ಕಾರವಾರದ ಕಡೆ ವರ್ಷದ ಬಹುಪಾಲು ಹೀಟರ್ ಬೇಕಾಗುವುದಿಲ್ಲ. ಬೆಂಗಳೂರು, ಮೈಸೂರು ಮತ್ತು ಮಲೆನಾಡಿನ ಮನೆಗಳಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ತೊಟ್ಟಿಯ ನೀರು ಅದಕ್ಕಿಂತ ಕೆಳಗಿಳಿಯುತ್ತದೆ, ಮೀನು ಮಂಕಾಗುತ್ತದೆ, ತಿಂದದ್ದು ಜೀರ್ಣವಾಗುವುದಿಲ್ಲ. ಇಂಥಲ್ಲಿ ಉಷ್ಣತೆಯನ್ನು ತಾನೇ ಹಿಡಿದಿಡುವ 25 ವ್ಯಾಟ್‌ನ ಹೀಟರ್ ಮತ್ತು ಒಂದು ಥರ್ಮಾಮೀಟರ್ ಇರಲಿ. ನೀರು ಬದಲಿಸುವ ಮುನ್ನ ಹೀಟರಿನ ಪ್ಲಗ್ ತೆಗೆಯುವುದನ್ನು ಮರೆಯಬಾರದು: ನೀರಿನಿಂದ ಹೊರಗುಳಿದ ಬಿಸಿ ಗಾಜು ಸಿಡಿಯಬಹುದು, ನೀರಿನೊಳಗಿಟ್ಟ ಕೈಗೆ ಶಾಕ್ ಹೊಡೆಯಬಹುದು.

ಒಳಗೆ ಅನೂಬಿಯಾಸ್, ಜಾವಾ ಫರ್ನ್, ಜಾವಾ ಮಾಸ್‌ನಂಥ ಕಡಿಮೆ ಬೆಳಕಿನಲ್ಲೂ ಬೆಳೆಯುವ ಗಿಡಗಳನ್ನು ದಟ್ಟವಾಗಿ ಇಡಬೇಕು. ನೀರಿನ ಮಟ್ಟಕ್ಕೆ ಸಮೀಪದಲ್ಲಿ ಒಂದು ಅಗಲವಾದ ಎಲೆಯಿದ್ದರೆ ಮೀನು ಅದರ ಮೇಲೆ ಒರಗಿ ವಿಶ್ರಮಿಸುತ್ತದೆ. ಪ್ಲಾಸ್ಟಿಕ್ ಗಿಡಗಳ ಚೂಪಾದ ಅಂಚು ರೆಕ್ಕೆಗಳನ್ನು ಹರಿಯುತ್ತದೆ. ಹಳೆಯ ನೈಲಾನ್ ಕಾಲುಚೀಲವನ್ನು ಅವುಗಳ ಮೇಲೆ ಸವರಿ ನೋಡಿ, ದಾರ ಸಿಕ್ಕಿಕೊಂಡರೆ ಅಂಥದ್ದು ತೊಟ್ಟಿಗೆ ಬೇಡ. ಬೀದಿಬದಿಯಲ್ಲಿ ನೆರಳಿಗಾಗಿ ನೆಟ್ಟಿರುವ ಕಾಡುಬಾದಾಮಿ ಮರದ ತಾನಾಗಿ ಉದುರಿದ ಒಣ ಎಲೆಯೊಂದನ್ನು ತೊಳೆದು ಹಾಕುವುದು ಬೆಟ್ಟಾ ಸಾಕುವವರಲ್ಲಿ ಬಹುಕಾಲದಿಂದ ಇರುವ ರೂಢಿ. ಎಲೆಯಿಂದ ಟ್ಯಾನಿನ್ ಇಳಿದು ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಬೆಳಕು ಮಂದವಾಗುತ್ತದೆ, ಹೊಸ ಮೀನು ನಿರಾಳವಾಗಿರುತ್ತದೆ. ಅಂಗಡಿಯಲ್ಲಿ ಇದೇ ಎಲೆಯನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. ವಾಹನದ ಹೊಗೆ ಮತ್ತು ಕೀಟನಾಶಕ ತಗಲದ ಮರ ಗೊತ್ತಿದ್ದರೆ ಕೊಳ್ಳಬೇಕಾಗಿಲ್ಲ.

ಜಾಗದ ಆಯ್ಕೆಯಲ್ಲಿ ಬಿಸಿಲು ನೇರವಾಗಿ ಬೀಳಬಾರದು, ಮೇಜು ಮೂವತ್ತು ಕಿಲೋ ಭಾರವನ್ನು ಅಲುಗದೆ ಹೊರಬೇಕು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಹೆಚ್ಚಿನವರು ಹೇಳದ ಮಾತೊಂದಿದೆ. ಸೊಳ್ಳೆ ಬತ್ತಿ ಮತ್ತು ಪ್ಲಗ್‌ಗೆ ಸಿಕ್ಕಿಸುವ ಸೊಳ್ಳೆ ದ್ರಾವಣಗಳಲ್ಲಿರುವ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕಗಳು ಮೀನುಗಳಿಗೆ ಬಹು ಘೋರವಾದ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ, ಬೆಟ್ಟಾ ಅದೇ ಗಾಳಿಯನ್ನು ನುಂಗುತ್ತದೆ. ಆದ್ದರಿಂದ ಸೊಳ್ಳೆ ಬತ್ತಿ ಹಚ್ಚುವ ಮಲಗುವ ಕೋಣೆಯಲ್ಲಿ, ಊದುಬತ್ತಿ ಮತ್ತು ಧೂಪದ ಹೊಗೆ ತುಂಬುವ ದೇವರಮನೆಯ ಪಕ್ಕದಲ್ಲಿ, ಒಗ್ಗರಣೆಯ ಜಿಡ್ಡು ಬಂದು ನೀರಿನ ಮೇಲೆ ಪೊರೆ ಕಟ್ಟುವ ಅಡುಗೆಮನೆಯಲ್ಲಿ ತೊಟ್ಟಿಯನ್ನು ಇಡಬಾರದು. ಮನೆಗೆ ಜಿರಳೆ ಔಷಧಿ ಹೊಡೆಸುವ ದಿನ ಪಂಪನ್ನು ನಿಲ್ಲಿಸಿ, ತೊಟ್ಟಿಯನ್ನು ಪೂರ್ತಿ ಮುಚ್ಚುವುದಕ್ಕಿಂತ ಮೀನನ್ನು ಬೇರೆ ಮನೆಗೆ ಸಾಗಿಸುವುದೇ ಕ್ಷೇಮ.

ಮೀನನ್ನು ಆರಿಸಿ ತರುವುದು

ಡಬ್ಬಿಯ ಹತ್ತಿರ ಬೆರಳು ತಂದಾಗ ತಿರುಗಿ ನೋಡುವ ಇಲ್ಲವೇ ಕಿವಿರು ಹರಡುವ, ರೆಕ್ಕೆಗಳನ್ನು ಬಿಚ್ಚಿಕೊಂಡಿರುವ, ಕಣ್ಣು ತಿಳಿಯಾಗಿರುವ, ಹೊಟ್ಟೆ ಒಳಕ್ಕೆ ಸೇದಿಕೊಂಡಿರದ ಮೀನನ್ನು ಆರಿಸಬೇಕು. ಡಬ್ಬಿಯ ತಳದಲ್ಲಿ ಸೊರಗಿ ಮಲಗಿದ ಮೀನಿನ ಮೇಲೆ ಕನಿಕರ ಹುಟ್ಟುವುದು ಸಹಜವೇ, ಆದರೆ ಮೊದಲ ಬಾರಿ ಸಾಕುವವರು ಅದನ್ನು ತಂದು ಉಳಿಸಿಕೊಳ್ಳುವುದು ಕಷ್ಟ. ಚೀಲದಲ್ಲಿ ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ ಇರುವಂತೆ ಕಟ್ಟಿಸಿಕೊಂಡು, ಬಟ್ಟೆಯ ಚೀಲದೊಳಗೆ ಕತ್ತಲೆಯಲ್ಲಿಟ್ಟು ತರಬೇಕು. ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿ ಎಂಜಿನ್ನಿನ ಶಾಖಕ್ಕೆ ಕಾಯುತ್ತದೆ, ಅಲ್ಲಿ ಇಡಬಾರದು. ಸಂಜೆಯ ಹೊತ್ತು ತಂದರೆ ದೀಪ ಆರಿಸಿ ಮೀನನ್ನು ಬಿಡಲು ಅನುಕೂಲ.

ಮನೆಗೆ ಬಂದ ಮೇಲೆ ತೊಟ್ಟಿಯ ದೀಪ ಆರಿಸಿ, ಕಟ್ಟಿದ ಚೀಲವನ್ನು ಹಾಗೆಯೇ ನೀರಿನ ಮೇಲೆ ಹದಿನೈದು ಇಪ್ಪತ್ತು ನಿಮಿಷ ತೇಲಬಿಟ್ಟರೆ ಉಷ್ಣತೆ ಸಮವಾಗುತ್ತದೆ. ನಂತರ ಮೀನನ್ನು ಚೀಲದ ನೀರಿನ ಸಮೇತ ಸೋಪು ಸೋಕದ ಒಂದು ಪಾತ್ರೆಗೆ ಸುರಿದು, ಐದು ನಿಮಿಷಕ್ಕೊಮ್ಮೆ ಅರ್ಧ ಲೋಟದಂತೆ ತೊಟ್ಟಿಯ ನೀರನ್ನು ಸೇರಿಸುತ್ತ ಬರಬೇಕು. ಪಾತ್ರೆಯ ನೀರು ಮೊದಲಿನ ಮೂರರಷ್ಟಾಗುವ ಹೊತ್ತಿಗೆ ಅರ್ಧ ಗಂಟೆಯಾದರೂ ಕಳೆದಿರಲಿ. ನಡುನಡುವೆ ಪಾತ್ರೆಯ ಮೇಲೆ ತಟ್ಟೆ ಮುಚ್ಚಿರಬೇಕು. ಟಿಡಿಎಸ್ ಮೀಟರ್ ಇದ್ದವರು ಎರಡೂ ನೀರನ್ನು ಅಳೆದು ನೋಡಬಹುದು: ಅಂಗಡಿಯ ನೀರು 800, ಮನೆಯದು 150 ಎಂಬಷ್ಟು ಅಂತರವಿದ್ದರೆ ಈ ಕೆಲಸವನ್ನು ಒಂದು ಗಂಟೆಗೂ ಹೆಚ್ಚು ಎಳೆಯಬೇಕು. ಕೊನೆಗೆ ಬಲೆಯ ಬದಲು ಲೋಟದಿಂದ ಮೀನನ್ನು ಎತ್ತಿ, ಆದಷ್ಟು ಕಡಿಮೆ ನೀರಿನೊಂದಿಗೆ ತೊಟ್ಟಿಗೆ ಜಾರಿಸಬೇಕು. ಬಲೆಯ ದಾರಕ್ಕೆ ಸಿಕ್ಕಿ ರೆಕ್ಕೆ ಹರಿಯುತ್ತದೆ. ಅಂಗಡಿಯ ಹೊಲಸು ನೀರು ತೊಟ್ಟಿಗೆ ಬೇಡ.

ಬೇರೆ ಊರಿನಿಂದ ಪಾರ್ಸೆಲ್‌ನಲ್ಲಿ ಒಂದೆರಡು ದಿನ ಪ್ರಯಾಣ ಮಾಡಿ ಬಂದ ಮೀನಿಗೆ ಈ ನಿಧಾನದ ಕ್ರಮ ಸಲ್ಲದು, ಮತ್ತು ಇದರ ಕಾರಣವನ್ನು ತಿಳಿದುಕೊಳ್ಳುವುದು ಅಗತ್ಯ. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ತುಂಬಿ ನೀರಿನ ಪಿಎಚ್ ಇಳಿದಿರುತ್ತದೆ. ಇಳಿದ ಪಿಎಚ್‌ನಲ್ಲಿ ಕೂಡಿಕೊಂಡ ಅಮೋನಿಯಾ ಬಹುಮಟ್ಟಿಗೆ ನಿರಪಾಯಕರವಾದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ತೆರೆದೊಡನೆ ಆ ಅನಿಲ ಹಾರಿಹೋಗಿ ಪಿಎಚ್ ಏರತೊಡಗುತ್ತದೆ, ಅದರೊಂದಿಗೆ ಅಮೋನಿಯಂ ಮತ್ತೆ ವಿಷವಾಗಿ ಮಾರ್ಪಡುತ್ತದೆ. ಹೀಗಾಗಿ ಇಂಥ ಚೀಲವನ್ನು ತೆರೆಯದೆಯೇ ತೇಲಿಸಿ ಉಷ್ಣತೆ ಸಮವಾದ ಮೇಲೆ, ತೆರೆದ ಕೂಡಲೇ ಮೀನನ್ನು ನೇರವಾಗಿ ತೊಟ್ಟಿಗೆ ಬಿಡುವುದು ಸರಿಯಾದ ದಾರಿ.

ಮೊದಲ ದಿನಗಳು

ಆ ರಾತ್ರಿ ದೀಪ ಹಾಕಬಾರದು, ಆಹಾರ ಕೊಡಬಾರದು, ಮಕ್ಕಳು ಗಾಜು ತಟ್ಟದಂತೆ ನೋಡಿಕೊಳ್ಳಬೇಕು. ಹೊಸ ಮೀನಿಗೆಂದು ಅಂಗಡಿಯವರು ಕೊಡುವ ನೀಲಿ ಔಷಧಿ ಮತ್ತು ಕಲ್ಲುಪ್ಪು, ಕಾಯಿಲೆಯ ಲಕ್ಷಣವಿಲ್ಲದ ಮೀನಿಗೆ ಬೇಕಾಗಿಲ್ಲ. ಆ ನೀಲಿ ಬಣ್ಣದ ದ್ರಾವಣ ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನೂ ಘಾಸಿಗೊಳಿಸಬಲ್ಲದು. ಬಣ್ಣ ಮಸುಕಾಗುವುದು, ಗಿಡದ ಮರೆಯಲ್ಲಿ ಅಡಗುವುದು, ಎಳೆಯ ಮೀನುಗಳ ಮತ್ತು ಹೆಣ್ಣುಗಳ ಮೈಮೇಲೆ ಉದ್ದುದ್ದ ಪಟ್ಟೆ ಮೂಡುವುದು, ಎರಡು ಮೂರು ದಿನ ಏನನ್ನೂ ಮುಟ್ಟದಿರುವುದು ಇವೆಲ್ಲ ಈ ಅವಧಿಯಲ್ಲಿ ಸಾಮಾನ್ಯ. ಎಲೆಯ ಮೇಲೆ ಮಗ್ಗುಲಾಗಿ ಮಲಗಿ ನಡುವೆ ಎದ್ದು ಗಾಳಿ ನುಂಗಿ ಬಂದರೂ ಚಿಂತೆಯಿಲ್ಲ.

ಮರುದಿನ ಎರಡು ಕಾಳು ಬೆಟ್ಟಾ ಆಹಾರವನ್ನು ಹಾಕಿ ನೋಡಬೇಕು. ಐದು ಹತ್ತು ನಿಮಿಷದಲ್ಲಿ ತಿನ್ನದಿದ್ದರೆ ಸೂಜಿ ತೆಗೆದ ಸಿರಿಂಜಿನಿಂದ ಅದನ್ನು ಹೀರಿ ತೆಗೆಯಬೇಕು. ಬೆಟ್ಟಾ ಮಾಂಸಾಹಾರಿ, ಗದ್ದೆಯಲ್ಲಿ ಅದರ ಊಟ ಕೀಟಗಳು ಮತ್ತು ಅವುಗಳ ಮರಿಹುಳುಗಳು. ಕಾಳನ್ನು ಒಲ್ಲದ ಮೀನಿಗೆ ಸ್ವಚ್ಛವಾದ ಬಕೆಟ್ಟಿನಲ್ಲಿ ಸಿಕ್ಕ ಸೊಳ್ಳೆಯ ಮರಿಹುಳುಗಳನ್ನು ನಾಲ್ಕೈದು ಬಿಟ್ಟರೆ ಬಹುತೇಕ ತಡೆಯಲಾರದೆ ಬಂದು ಹಿಡಿಯುತ್ತದೆ. ಡೆಂಗಿ ಹರಡುವ ಊರಿನಲ್ಲಿ ಇದಕ್ಕೆಂದೇ ಬಕೆಟ್ಟಿನಲ್ಲಿ ನೀರು ನಿಲ್ಲಿಸಿ ಸೊಳ್ಳೆ ಬೆಳೆಸುವುದು ಮಾತ್ರ ಬೇಡ. ಚರಂಡಿ ಕೆಸರಿನಿಂದ ಬರುವ ಜೀವಂತ ಟ್ಯೂಬಿಫೆಕ್ಸ್ ಹುಳುಗಳು ರೋಗ ತರುತ್ತವೆ. ಊಟಕ್ಕೆ ಬಿದ್ದ ಮೇಲೆ ದಿನಕ್ಕೆರಡು ಸಲ, ಸಲಕ್ಕೆ ಎರಡು ಮೂರು ಕಾಳು, ವಾರಕ್ಕೊಂದು ದಿನ ಉಪವಾಸ. ಮನೆಯಲ್ಲಿ ಎಷ್ಟು ಜನರಿದ್ದರೂ ಊಟ ಹಾಕುವ ಕೆಲಸವನ್ನು ಒಬ್ಬರಿಗೇ ವಹಿಸಬೇಕು. ಅಜ್ಜಿ ಒಮ್ಮೆ, ಮೊಮ್ಮಗ ಒಮ್ಮೆ ಪ್ರೀತಿಯಿಂದ ಹಾಕಿದ ಕಾಳುಗಳೇ ಹೆಚ್ಚಿನ ತೊಟ್ಟಿಗಳನ್ನು ಕೆಡಿಸುವುದು.

ಗಾಜಿನಲ್ಲಿ ತನ್ನದೇ ಬಿಂಬ ಕಂಡು ಮೀನು ಪದೇಪದೇ ಕಿವಿರು ಹರಡಿ ಮೈ ಸೆಟೆಸುತ್ತಿದ್ದರೆ ಅದು ಆಟವಲ್ಲ, ಎದುರಾಳಿ ಇದ್ದಾನೆಂಬ ಭ್ರಮೆ. ಕೋಣೆ ಕತ್ತಲಾಗಿದ್ದು ತೊಟ್ಟಿಯ ದೀಪ ಉರಿಯುತ್ತಿರುವಾಗ ಬಿಂಬ ಹೆಚ್ಚು ಸ್ಪಷ್ಟವಾಗುತ್ತದೆ. ಕೋಣೆಯ ದೀಪವನ್ನೂ ಹಾಕುವುದರಿಂದ ಅಥವಾ ತೊಟ್ಟಿಯದನ್ನು ಮಂದಗೊಳಿಸುವುದರಿಂದ ಇದು ನಿಲ್ಲುತ್ತದೆ. ಗಂಡು ಮೀನು ಮೇಲ್ಮೈಯಲ್ಲಿ ಗುಳ್ಳೆಗಳ ಗೂಡು ಕಟ್ಟಿದರೆ ಅದು ಪ್ರಾಯಕ್ಕೆ ಬಂದದ್ದರ ಗುರುತು. ನೀರು ಚೆನ್ನಾಗಿದೆಯೆಂಬುದಕ್ಕೆ ಅದನ್ನು ಪ್ರಮಾಣಪತ್ರವೆಂದು ಭಾವಿಸಿ ಪರೀಕ್ಷೆ ಬಿಡಬಾರದು, ಕೊಳಕು ಡಬ್ಬಿಯಲ್ಲೂ ಅದು ಗೂಡು ಕಟ್ಟುತ್ತದೆ.

ರೆಕ್ಕೆಗಳನ್ನು ಮೈಗೆ ಒತ್ತಿಕೊಂಡೇ ಇರುವುದು, ರೆಕ್ಕೆಯಂಚು ಕಪ್ಪಾಗಿ ಇಲ್ಲವೇ ಕೆಂಪಾಗಿ ಕರಗುವುದು, ಉಪ್ಪು ಉದುರಿಸಿದಂತೆ ಬಿಳಿಚುಕ್ಕೆಗಳು, ಚಿನ್ನದ ಪುಡಿಯಂಥ ಲೇಪ, ಊದಿದ ಹೊಟ್ಟೆಯೊಂದಿಗೆ ಹುರುಪೆಗಳು ಹೊರಕ್ಕೆ ನಿಮಿರುವುದು ಇವು ಮಾತ್ರ ನಿಜವಾದ ಅಪಾಯದ ಗುರುತುಗಳು. ಇವುಗಳಲ್ಲಿ ಯಾವುದು ಕಂಡರೂ ಔಷಧಿಗಿಂತ ಮೊದಲು ನೀರನ್ನು ಪರೀಕ್ಷಿಸಿ, ಅಮೋನಿಯಾ ಇದ್ದರೆ ನೀರು ಬದಲಿಸಬೇಕು. ರೆಕ್ಕೆ ಕೊಳೆಯುವುದು ಆರಂಭದ ಹಂತದಲ್ಲಿದ್ದರೆ ಹಲವು ಸಲ ಶುದ್ಧ ನೀರಿನಿಂದಲೇ ಗುಣವಾಗುತ್ತದೆ. ಬಿಳಿಚುಕ್ಕೆ ಮತ್ತು ಚಿನ್ನದ ಲೇಪ ಪರಾವಲಂಬಿ ಜೀವಿಗಳಿಂದ ಬರುವ ರೋಗಗಳಾದ್ದರಿಂದ ಅವಕ್ಕೆ ಔಷಧಿ ಬೇಕೇ ಬೇಕು.

ಮೊದಲ ತಿಂಗಳು ಬೇರೆ ಯಾವ ಮೀನನ್ನೂ ಜೊತೆಗೆ ಬಿಡಬಾರದು, ಇನ್ನೊಂದು ಗಂಡು ಬೆಟ್ಟಾವನ್ನಂತೂ ಎಂದಿಗೂ ಬಿಡಬಾರದು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವಾಗ ಹೊಸ ನೀರಿನ ಉಷ್ಣತೆ ತೊಟ್ಟಿಯದಕ್ಕೆ ಸಮವಾಗಿರಲಿ, ಮತ್ತು ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ, ಹೊರತೆಗೆದ ತೊಟ್ಟಿಯ ನೀರಿನಲ್ಲೇ ಹಿಂಡಿ ಮತ್ತೆ ಜೋಡಿಸಬೇಕು. ಹಬ್ಬಕ್ಕೋ ಮದುವೆಗೋ ನಾಲ್ಕೈದು ದಿನ ಊರಿಗೆ ಹೋಗಬೇಕಾದರೆ ಚೆನ್ನಾಗಿ ಒಗ್ಗಿಕೊಂಡ ಮೀನು ಅಷ್ಟು ದಿನ ಊಟವಿಲ್ಲದೆ ಇರಬಲ್ಲದು. ಪಕ್ಕದ ಮನೆಯವರಿಗೆ ಬೀಗದ ಕೈ ಕೊಡುವುದಾದರೆ ಕರೆಂಟ್ ಹೋಗಿ ಬಂದ ಮೇಲೆ ಪಂಪ್ ಓಡುತ್ತಿದೆಯೇ ಎಂದಷ್ಟೇ ನೋಡಲು ಹೇಳಿ, ಆಹಾರದ ಡಬ್ಬಿಯನ್ನು ಅವರ ಕಣ್ಣಿಗೆ ಬೀಳದಂತೆ ಎತ್ತಿಟ್ಟು ಹೋಗಬೇಕು.